ಹೊಸ ಚರ್ಚಾ ಗುಂಪು ತೆರೆಯೋಕೆ ಮತದಾನ: ಯೂಸ್‌ನೆಟ್ ಪದ್ಧತಿ ತಿಳಿದವರು ಹೇಳಿ

ಪ್ರಶ್ನೆ: ಹೊರದೇಶದ ನಮ್ಮ ಕನ್ನಡ ಸಂಘದಲ್ಲಿ ಸುಮಾರು 600 ಸದಸ್ಯರು. ಎಲ್ಲರಿಗೂ ಸೇರಿ ಆನ್‌ಲೈನ್ ಚರ್ಚೆಗೆ ಇರೋದು ಒಂದೇ ಜಾಗ. ಯಕ್ಷಗಾನಕ್ಕೆ ಬೇರೆ ಗುಂಪು ಕೊಡಿ, ಅಡುಗೆಗೆ ಕೊಡಿ, ವೀಸಾ ವಿಚಾರಕ್ಕೆ ಕೊಡಿ ಅಂತ ದಿನಾ ಬೇಡಿಕೆ. ಮತ ಹಾಕಿಸಿ ತೀರ್ಮಾನ ಮಾಡೋಣ ಅಂತ ಸಮಿತಿ ಒಪ್ಪಿದೆ. ಹಿರಿಯರೊಬ್ಬರು "ಯೂಸ್‌ನೆಟ್ (ವೆಬ್‌ಗೂ ಮುಂಚಿನಿಂದ ಇರೋ, ಊರೂರ ಸರ್ವರ್‌ಗಳು ಸಂದೇಶ ಹಂಚಿಕೊಳ್ಳೋ ಚರ್ಚಾ ಜಾಲ) ನಿಯಮ ಹಾಗೇ ತಗೊಳ್ಳಿ, 100 ಮತ ಹೆಚ್ಚು, ಮೂರರಲ್ಲಿ ಎರಡು ಪಾಲು" ಅಂದ್ರು. ಅದು ನಿಜವಾಗಿ ಹೇಗೆ ನಡೀತಿತ್ತು? ಎಲ್ಲಿ ಎಡವಟ್ಟಾಗ್ತಿತ್ತು?

ಹಳೇ ಮೋಡೆಮ್: ಹಿರಿಯರು ಹೇಳಿದ್ದು ಸರಿ, ಆದ್ರೆ ಅದು ಕೊನೇ ಮೆಟ್ಟಿಲು ಮಾತ್ರ. ಮತದಾನ ಇದ್ದದ್ದು ಕಾಂಪ್ (ಕಂಪ್ಯೂಟರ್), ಮಿಸ್ಕ್ (ಇತರೆ), ನ್ಯೂಸ್ (ಯೂಸ್‌ನೆಟ್ ವಿಚಾರ), ರೆಕ್ (ಹವ್ಯಾಸ), ಸೈ (ವಿಜ್ಞಾನ), ಸಾಕ್ (ಸಮಾಜ), ಟಾಕ್ (ವಾದ), ಆಮೇಲೆ ಸೇರಿದ ಹ್ಯುಮ್ಯಾನಿಟೀಸ್ ಅನ್ನೋ ಎಂಟು ವಿಭಾಗಗಳಿಗೆ. 1987ರಲ್ಲಿ ಹುಟ್ಟಿದ ಆಲ್ಟ್ ವಿಭಾಗಕ್ಕೆ ಮತದ ಹಂಗೇ ಇರಲಿಲ್ಲ.

ಮೊದಲು ಆರ್‌ಎಫ್‌ಡಿ, ಅಂದ್ರೆ ಚರ್ಚೆಗೆ ಕರೆ. ಗುಂಪಿನ ಹೆಸರು, ಒಂದು ಸಾಲಿನ ವಿವರಣೆ, ಯಾಕೆ ಬೇಕು ಅನ್ನೋ ಕಾರಣ, ಚಾರ್ಟರ್ (ಯಾವ ವಿಷಯ ಸಲ್ಲುತ್ತೆ, ಯಾವುದು ಸಲ್ಲಲ್ಲ), ಮಾಡರೇಟರ್ (ಸಂದೇಶ ನೋಡಿ ಒಪ್ಪಿ ಪ್ರಕಟಿಸೋರು) ಇದ್ದಾರೋ ಇಲ್ವೋ, ಇಷ್ಟೂ ಅದರಲ್ಲಿ ಇರಬೇಕು. ಅದು ನ್ಯೂಸ್.ಅನೌನ್ಸ್.ನ್ಯೂಗ್ರೂಪ್ಸ್‌ನಲ್ಲಿ ಮತ್ತು ಆ ವಿಷಯಕ್ಕೆ ಹತ್ತಿರದ ಗುಂಪುಗಳಲ್ಲಿ ಪ್ರಕಟ ಆಗ್ತಿತ್ತು. ವಾದವೆಲ್ಲ ಮಾತ್ರ ನ್ಯೂಸ್.ಗ್ರೂಪ್ಸ್ ಅನ್ನೋ ಒಂದೇ ಕಡೆ. ಹತ್ತು ಕಡೆ ಹರಿದು ಹೋದ ಚರ್ಚೆಯಿಂದ ಯಾರಿಗೂ ಒಮ್ಮತ ಕಾಣಲ್ಲ, ಅದಕ್ಕೆ.

ಆರ್‌ಎಫ್‌ಡಿ ಬಂದು ಕನಿಷ್ಠ 21 ದಿನ ಆದ್ಮೇಲೆ ಸಿಎಫ್‌ವಿ, ಅಂದ್ರೆ ಮತಕ್ಕೆ ಕರೆ. ಮತದಾನದ ಅವಧಿ 21ರಿಂದ 31 ದಿನ. ಮುಗಿದ ಮೇಲೆ ಫಲಿತಾಂಶ ಪ್ರಕಟಿಸಿ, ತಕರಾರಿಗೆ ಐದು ದಿನ ಬಿಟ್ಟು, ಆಮೇಲೆ ಗುಂಪು. ಬಿದ್ದುಹೋದ್ರೆ ಅದೇ ಪ್ರಸ್ತಾಪ ಆರು ತಿಂಗಳು ಮತ್ತೆ ತರೋ ಹಾಗಿಲ್ಲ. ಈ ಆರು ತಿಂಗಳನ್ನ ಮಾತ್ರ ನೀವು ಬಿಡಲೇಬೇಡಿ. ಇಲ್ಲಾಂದ್ರೆ ಸೋತವರು ಪ್ರತಿ ತಿಂಗಳೂ ಅದೇ ರಾಗ ತೆಗೀತಾರೆ, ಬೇಡ ಅನ್ನೋರು ಬೇಸತ್ತು ಸುಮ್ಮನಾದ ದಿನ ಗೆಲ್ತಾರೆ.

ಲೆಕ್ಕದ ಮೇಷ್ಟ್ರು: ಎರಡು ಷರತ್ತು ಒಟ್ಟಿಗೆ ಯಾಕೆ ಅಂತ ತುಂಬಾ ಜನಕ್ಕೆ ಗೊತ್ತಿರಲ್ಲ. ಬೇಕು ಅನ್ನೋ ಮತ ಬೇಡ ಅನ್ನೋದಕ್ಕಿಂತ 100 ಹೆಚ್ಚಿರಬೇಕು, ಜೊತೆಗೆ ಸಿಂಧು ಮತಗಳಲ್ಲಿ ಮೂರರಲ್ಲಿ ಎರಡು ಪಾಲು ಬೇಕು ಅಂತಲೇ ಇರಬೇಕು. ತಟಸ್ಥ ಅಂತ ಬರೆದದ್ದು ಎರಡೂ ಲೆಕ್ಕಕ್ಕಿಲ್ಲ.

105 ಬೇಕು, 3 ಬೇಡ: ಅಂತರ 102, ಪಾಸ್. 180 ಬೇಕು, 90 ಬೇಡ: ಪಾಲು ಸರಿಯಾಗಿ ಮೂರರಲ್ಲಿ ಎರಡು, ಆದ್ರೆ ಅಂತರ 90 ಮಾತ್ರ, ಫೇಲ್. 220 ಬೇಕು, 115 ಬೇಡ: ಅಂತರ 105 ಇದೆ, ಪಾಲು 65.7 ಶೇಕಡಾ, ಅದೂ ಫೇಲ್. ಅಂದ್ರೆ ಬೇಡ ಮತ 100 ಮುಟ್ಟೋವರೆಗೂ ಕಟ್ಟಿಹಾಕೋದು ಅಂತರದ ಷರತ್ತು, 100 ದಾಟಿದ ಮೇಲೆ ಪಾಲಿನ ಷರತ್ತು. ಮೊದಲನೇದು ಗುಂಪು ನಡೆಯೋಕೆ ಸಾಕಷ್ಟು ಜನ ಇದ್ದಾರಾ ಅಂತ ನೋಡುತ್ತೆ. ಎರಡನೇದು ಜಗಳದ ಪ್ರಸ್ತಾಪವನ್ನ ತಡೆಯುತ್ತೆ. ಒಂದನ್ನೇ ಇಟ್ಕೊಂಡ್ರೆ ಅರ್ಧ ಕೆಲಸ.

ಚೀಟಿ ಎಣಿಕೆ: ಎಣಿಸೋರು ಯಾರು ಅನ್ನೋದನ್ನ ಯಾರೂ ಹೇಳಲಿಲ್ಲ, ಗಲಾಟೆ ಹುಟ್ಟೋದೇ ಅಲ್ಲಿ. ಶುರುವಿನಲ್ಲಿ ಪ್ರಸ್ತಾಪ ಮಾಡಿದವರೇ ಎಣಿಸ್ತಿದ್ರು. ಸಹಜವಾಗಿ ಅನುಮಾನ ಬಂತು. 90ರ ದಶಕದಲ್ಲಿ ಯುವಿವಿ ಅನ್ನೋ ಸ್ವಯಂಸೇವಕರ ತಂಡ ಆಯ್ತು. ಆ ಗುಂಪಿನ ಬಗ್ಗೆ ಪರ ವಿರೋಧ ಎರಡೂ ಇಲ್ಲದವರೇ ಎಣಿಸೋದು ಅಂತ ಕ್ರಮ ಬಂತು.

ಮತ ಇಮೇಲ್‌ನಲ್ಲೇ, ಎಣಿಸೋರ ವಿಳಾಸಕ್ಕೇ ಹೋಗಬೇಕು. ಗುಂಪಲ್ಲಿ "ನನ್ನದೂ ಒಂದು" ಅಂತ ಬರೆದ್ರೆ ಲೆಕ್ಕಕ್ಕಿಲ್ಲ. ಚೀಟಿಯಲ್ಲಿ ನಿಜ ಹೆಸರಿನ ಸಾಲು, ಗುಂಪಿನ ಹೆಸರಿನ ಮುಂದೆ ಖಾಲಿ ಆವರಣ. ಅಲ್ಲಿ ಬೇಕು, ಬೇಡ, ತಟಸ್ಥ, ರದ್ದು, ಈ ನಾಲ್ಕರಲ್ಲಿ ಒಂದು. ಒಬ್ಬರು ಎರಡು ಸಲ ಕಳಿಸಿದ್ರೆ ಕೊನೇದು ಸಿಂಧು. ಮೂರು ಇಮೇಲ್ ಖಾತೆ ಇದ್ರೂ ಒಬ್ಬರಿಗೆ ಒಂದೇ ಮತ.

ಮತ ಮುಟ್ಟಿದೆ ಅಂತ ಪ್ರತಿಯೊಬ್ಬರಿಗೂ ವಾಪಸ್ ಮೇಲ್ ಹೋಗ್ತಿತ್ತು. ಸೌಜನ್ಯಕ್ಕೆ ಅಂದ್ಕೋಬೇಡಿ, ಕಳ್ಳ ಮತ ಸಿಗೋದೇ ಇದರಿಂದ. ವಿಳಾಸ ಸುಳ್ಳಾದ್ರೆ ಮೇಲ್ ಬೌನ್ಸ್ ಆಗುತ್ತೆ. ಇನ್ನೊಬ್ಬರ ಹೆಸರಲ್ಲಿ ಯಾರೋ ಹಾಕಿದ್ರೆ ನಿಜವಾದವರು "ನಾನು ಹಾಕೇ ಇಲ್ವಲ್ಲ" ಅಂತಾರೆ. ಕೊನೆಗೆ ಯಾರು ಏನು ಹಾಕಿದ್ರು ಅನ್ನೋ ಪೂರ್ತಿ ಪಟ್ಟಿ, ಇಮೇಲ್ ಸಮೇತ ಬಹಿರಂಗ. ಆ ಐದು ದಿನ ಇದ್ದದ್ದೇ ಈ ಪಟ್ಟಿ ನೋಡೋಕೆ. ಈಗ ಹಾಗೆ ಮಾಡಬೇಡಿ. ವಿಳಾಸ ಬೇಡ, ಸದಸ್ಯತ್ವ ಸಂಖ್ಯೆ ಹಾಕಿ. ಪಟ್ಟಿಯನ್ನೇ ಹಾಕದೆ ಮೊತ್ತ ಮಾತ್ರ ಹೇಳಿದ್ರೆ ಮಾತ್ರ ಯಾರೂ ನಂಬಲ್ಲ.

ಇನ್ನೊಂದು: ಚೀಟಿ ಹಂಚೋ ಹಕ್ಕು ಎಣಿಸೋರಿಗೆ ಮಾತ್ರ. "ಬೇಕು" ಅಂತ ಮೊದಲೇ ತುಂಬಿದ ಚೀಟಿಯನ್ನ ನೆಂಟರಿಷ್ಟರಿಗೆ ಕಳಿಸಿದ್ರೆ ಆ ಮತಗಳು ಅಸಿಂಧು. ನಿಮ್ಮಲ್ಲಿ ಇದು ವಾಟ್ಸಾಪ್ ಫಾರ್ವರ್ಡ್ ರೂಪದಲ್ಲಿ ಖಂಡಿತ ಬರುತ್ತೆ, ನಿಯಮದಲ್ಲಿ ಈಗಲೇ ಬರೆದಿಡಿ.

ಸರ್ವರ್ ಕಾವಲುಗಾರ: ಹೆಸರಿನ ಬಗ್ಗೆ ನಾಲ್ಕು ಮಾತು. ಯೂಸ್‌ನೆಟ್‌ನಲ್ಲಿ ಚುಕ್ಕಿಗಳ ನಡುವಿನ ಒಂದೊಂದು ಭಾಗವೂ 14 ಅಕ್ಷರ ಮೀರಬಾರದು ಅಂತಿತ್ತು. ಆ ಸರ್ವರ್‌ಗಳು ಬಳಸ್ತಿದ್ದ ಹಳೇ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಫೈಲ್ ಹೆಸರಿಗೆ 14 ಅಕ್ಷರದ ಮಿತಿ, ಮತ್ತು ಪ್ರತಿ ಭಾಗವೂ ಡಿಸ್ಕ್ ಮೇಲೆ ಒಂದು ಡೈರೆಕ್ಟರಿ, ಅಂದ್ರೆ ಫೋಲ್ಡರ್. ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ ಅನ್ನೋ ಗುಂಪನ್ನೇ ತಗೊಳ್ಳಿ: ಸಾಕ್ ಒಳಗೆ ಕಲ್ಚರ್, ಅದರೊಳಗೆ ಇಂಡಿಯನ್, ಅದರೊಳಗೆ ಕರ್ನಾಟಕ. ಸಂದೇಶಗಳು 1, 2, 3 ಅಂತ ಸಂಖ್ಯೆಯ ಫೈಲುಗಳು. ಇಂಡಿಯನ್ ಅನ್ನೋದು ತಾನೇ ಒಂದು ಗುಂಪೂ ಆಗಿದ್ದರಿಂದ ಅದೇ ಡೈರೆಕ್ಟರಿಯಲ್ಲಿ ಅದರ ಸಂದೇಶಗಳೂ ಇರ್ತಿದ್ವು, ಕರ್ನಾಟಕ ಅನ್ನೋ ಒಳಡೈರೆಕ್ಟರಿಯೂ ಇರ್ತಿತ್ತು. ಬರೀ ಅಂಕಿಯ ಹೆಸರು ಕೊಟ್ರೆ ಸಂದೇಶದ ಫೈಲಿಗೂ ಗುಂಪಿನ ಡೈರೆಕ್ಟರಿಗೂ ಡಿಕ್ಕಿ. ನಿಮಗೆ ಆ ಕಷ್ಟ ಇಲ್ಲ, ಆದ್ರೆ ಮರದ ಹಾಗೆ ಹೆಸರಿಡೋ ಕ್ರಮ ಒಳ್ಳೇದು. "ಕಲೆ" ಅಂತ ಇಟ್ಟು ಅದರ ಕೆಳಗೆ "ಯಕ್ಷಗಾನ" ಇಟ್ರೆ ನಾಳೆ "ಸುಗಮಸಂಗೀತ" ಎಲ್ಲಿ ಅನ್ನೋ ಜಗಳ ಇರಲ್ಲ.

ಮತ ಗೆದ್ದಮೇಲೆ ನ್ಯೂಗ್ರೂಪ್ ಅನ್ನೋ ನಿಯಂತ್ರಣ ಸಂದೇಶ ಹೋಗ್ತಿತ್ತು. ಅದನ್ನ ಪಾಲಿಸೋದು ಬಿಡೋದು ಆಯಾ ಸರ್ವರ್ ಅಡ್ಮಿನ್‌ಗೆ ಬಿಟ್ಟದ್ದು. ನಕಲಿ ಸಂದೇಶಗಳು ಬಂದದ್ದರಿಂದ ಆಮೇಲೆ ಪಿಜಿಪಿ ಸಹಿ, ಅಂದ್ರೆ ಕಳಿಸಿದವರು ಯಾರು ಅಂತ ಖಾತ್ರಿ ಮಾಡೋ ಡಿಜಿಟಲ್ ಸಹಿ, ಸೇರಿಸಿದ್ರು.

ಹಳೇ ಮೋಡೆಮ್: ಅಡ್ಮಿನ್‌ಗೆ ಬಿಟ್ಟದ್ದು ಅನ್ನೋದಕ್ಕೆ 1989ರ ಸೈ.ಅಕ್ವೇರಿಯಾ ಸಾಕ್ಷಿ. ಮೀನು ಸಾಕೋ ಹವ್ಯಾಸದ ಗುಂಪು. ರೆಕ್ ವಿಭಾಗ ತರಿಸದ ಕಡೆಗೂ ಸೈ ವಿಭಾಗ ತಲುಪುತ್ತೆ ಅಂತ ಹವ್ಯಾಸಕ್ಕೆ ವಿಜ್ಞಾನದ ಅಂಗಿ ತೊಡಿಸಿದ್ರು. ಮತದಲ್ಲಿ ಗೆದ್ದಿತು. ಹೆಸರು ಒಪ್ಪದ ಎಷ್ಟೋ ಅಡ್ಮಿನ್‌ಗಳು ಗುಂಪನ್ನ ತೆರೆಯಲೇ ಇಲ್ಲ. ಹೆಸರಿನ ಜಗಳ ಚರ್ಚೆಯಲ್ಲೇ ಮುಗೀಬೇಕು. ಮತ ಹಾಕಿ ಹೆಸರು ಹೇರೋಕೆ ಆಗಲ್ಲ.

ಬೇಡ ಅನ್ನೋ ಮತವೂ ಜನಪ್ರಿಯತೆಯ ಪರೀಕ್ಷೆ ಆಗಿಬಿಡ್ತು. 1996ರಲ್ಲಿ ಬಿಳಿಯ ಜನಾಂಗವಾದಿ ಸಂಗೀತಕ್ಕೆ ಗುಂಪು ಕೇಳಿದಾಗ 30 ಸಾವಿರಕ್ಕೂ ಹೆಚ್ಚು ಬೇಡ ಮತ ಬಂದ್ವು. ಆ ಪ್ರಸ್ತಾಪಕ್ಕೆ ಆಗಬೇಕಾದ್ದೇ ಆಯ್ತು ಅನ್ನಿ. ಆದ್ರೆ ಅಷ್ಟು ಚೀಟಿ ಎಣಿಸೋ ಸ್ವಯಂಸೇವಕರ ಪಾಡು ನೆನೆಸ್ಕೊಳ್ಳಿ. ನಿಮ್ಮ ನಿಯಮದಲ್ಲಿ "ವಿಷಯ ಇಷ್ಟ ಇಲ್ಲ" ಅನ್ನೋದು ಬೇಡ ಮತಕ್ಕೆ ಕಾರಣ ಅಲ್ಲ, "ಹೆಸರು ಅಥವಾ ಚಾರ್ಟರ್ ಸರಿ ಇಲ್ಲ, ಇರೋ ಗುಂಪೇ ಸಾಕು" ಅನ್ನೋದು ಕಾರಣ ಅಂತ ಚೀಟಿ ಮೇಲೇ ಬರೆಯಿರಿ. ಪೂರ್ತಿ ತಡೆಯಲ್ಲ, ಸ್ವಲ್ಪ ತಗ್ಗಿಸುತ್ತೆ.

ಕೇಳಿದವರು: ಎಲ್ಲರಿಗೂ ಧನ್ಯವಾದ. 600 ಜನರಲ್ಲಿ 100ರ ಅಂತರ ಅಂದ್ರೆ ಯಾವ ಗುಂಪೂ ಹುಟ್ಟಲ್ಲ ಅಲ್ವಾ? ಎಷ್ಟಿಡಲಿ?

ಲೆಕ್ಕದ ಮೇಷ್ಟ್ರು: ಹುಟ್ಟಲ್ಲ. ಮೂರರಲ್ಲಿ ಎರಡು ಪಾಲು ಹಾಗೇ ಇರಲಿ, ಅಂತರಕ್ಕೆ ಮಾತ್ರ ಸದಸ್ಯರ ಶೇಕಡಾ ಲೆಕ್ಕ ಬೇಡ. ಒಂದು ಗುಂಪಲ್ಲಿ ವಾರಕ್ಕೆ ನಾಲ್ಕಾರು ಸಂದೇಶ ಬರೋಕೆ ಎಷ್ಟು ಜನ ಬೇಕು ಅಂತ ಯೋಚಿಸಿ ಅಷ್ಟು ಇಡಿ. ಅಂತರ 20 ಅಂತಿಟ್ರೆ ಬೇಡ ಮತ 5 ಇದ್ದಾಗ ಬೇಕು ಮತ 25 ಇರಬೇಕು, 20 ಇದ್ದಾಗ 40, 30 ಇದ್ದಾಗ 60. ಅವಧಿ ಚರ್ಚೆಗೆ 14 ದಿನ, ಮತಕ್ಕೆ 14 ದಿನ ಸಾಕು. 21 ದಿನ ಇಟ್ಟದ್ದು ಸಂದೇಶ ಊರೂರು ಸುತ್ತಿ ತಲುಪೋಕೆ ದಿನಗಟ್ಟಲೆ ಹಿಡೀತಿದ್ದ ಕಾಲಕ್ಕೆ.

ಚೀಟಿ ಎಣಿಕೆ: ಯೂಸ್‌ನೆಟ್‌ನಲ್ಲೇ 2005ರ ಹೊತ್ತಿಗೆ ಈ ಮತದಾನ ನಿಂತುಹೋಯ್ತು. ಆ ಎಂಟು ವಿಭಾಗಗಳನ್ನ ನೋಡಿಕೊಳ್ಳೋ ಬಿಗ್-8 ಮ್ಯಾನೇಜ್‌ಮೆಂಟ್ ಬೋರ್ಡ್ ಬಂದ ಮೇಲೆ ಆರ್‌ಎಫ್‌ಡಿ, ಚರ್ಚೆ, ಕೊನೇ ಅಭಿಪ್ರಾಯಕ್ಕೆ ಕರೆ, ಆಮೇಲೆ ಬೋರ್ಡ್ ತೀರ್ಮಾನ. ವರ್ಷಕ್ಕೆ ಒಂದೆರಡು ಬೇಡಿಕೆ ಬರೋ ಕಡೆ ಇದೇ ಹಗುರ. ನಿಮಗೆ ದಿನಾ ಬೇಡಿಕೆ ಅಂತೀರಿ, ಹಾಗಾಗಿ ಮತದಾನವೇ ಇರಲಿ.

ಸರ್ವರ್ ಕಾವಲುಗಾರ: ಮಾಡರೇಟರ್ ಇರೋ ಗುಂಪಾದ್ರೆ ಅವರ ಹೆಸರು, ಅವರು ಊರಲ್ಲಿಲ್ಲದಾಗ ನೋಡ್ಕೊಳ್ಳೋ ಇನ್ನೊಬ್ಬರ ಹೆಸರು, ಎರಡೂ ಆರ್‌ಎಫ್‌ಡಿಯಲ್ಲೇ ಇರಲಿ. ಮಾಡರೇಟರ್ ಮಾಯವಾದ ಗುಂಪಲ್ಲಿ ಬರೆದದ್ದೆಲ್ಲ ಯಾರೂ ತೆಗೆಯದ ಅಂಚೆಪೆಟ್ಟಿಗೆಗೆ ಹೋಗಿ ಬೀಳುತ್ತೆ, ಬರೆದವರಿಗೆ ಗೊತ್ತೂ ಆಗಲ್ಲ. 60 ದಿನ ಮಾಡರೇಟರ್ ಕಡೆಯಿಂದ ಸದ್ದಿಲ್ಲ ಅಂದ್ರೆ ಸಮಿತಿ ಬೇರೆಯವರನ್ನ ನೇಮಿಸಬಹುದು, ಅದಕ್ಕೆ ಹೊಸ ಮತದಾನ ಬೇಡ ಅಂತ ಒಂದು ಸಾಲು ಸೇರಿಸಿ.