‘ಮ್ಯಾಸಿವ್’ ಗೆಲಾಕ್ಸಿಗೆ ‘ಬೃಹತ್’ ಎನ್ನಬಹುದೇ?

ಮಾನ್ಯರೇ,

ವಿಶ್ವದ ಆರಂಭಕಾಲದ ಗೆಲಾಕ್ಸಿಗಳನ್ನು ಕುರಿತು ಕನ್ನಡದಲ್ಲಿ ಬರೆಯುವಾಗ ‘ಮ್ಯಾಸಿವ್’ ಎಂಬುದಕ್ಕೆ ‘ಬೃಹತ್’ ಎಂದೋ ‘ದೈತ್ಯ’ ಎಂದೋ ಬಳಸುವುದುಂಟು. ಇವೆರಡೂ ಗಾತ್ರವನ್ನು ಸೂಚಿಸುವ ಪದಗಳು. ಖಗೋಳ ವಿಜ್ಞಾನಿಗಳ ಮನಸ್ಸಿನಲ್ಲಿರುವುದು ದ್ರವ್ಯರಾಶಿ. ಬೇರೆಡೆ ಈ ಅಂತರ ಅಷ್ಟಾಗಿ ಬಾಧಿಸದಿದ್ದರೂ ಇಲ್ಲಿ ಅರ್ಥವನ್ನೇ ಕೆಡಿಸುತ್ತದೆ ಎಂಬುದು ನನ್ನ ಆತಂಕ.

ಜೇಮ್ಸ್ ವೆಬ್ ದೂರದರ್ಶಕದಿಂದ ಅಭ್ಯಸಿಸಿ 2023ರಲ್ಲಿ ವಿವರ ಪ್ರಕಟಿಸಲಾದ ಜಿಎಸ್-9209 ಎಂಬ ಗೆಲಾಕ್ಸಿಯನ್ನೇ ನೋಡಿ. ಮಹಾಸ್ಫೋಟದಿಂದ ಸುಮಾರು 125 ಕೋಟಿ ವರ್ಷಗಳ ಬಳಿಕ ಅದು ಹೇಗಿತ್ತೋ ಹಾಗೆ ನಮಗೆ ಕಾಣುತ್ತಿದೆ. ಅಷ್ಟು ಹೊತ್ತಿಗಾಗಲೇ ಅದು ಸುಮಾರು 4000 ಕೋಟಿ ಸೂರ್ಯರಷ್ಟು ದ್ರವ್ಯರಾಶಿಯ ನಕ್ಷತ್ರಗಳನ್ನು, ಅವುಗಳಲ್ಲಿ ಬಹುಪಾಲನ್ನು ಸುಮಾರು 20 ಕೋಟಿ ವರ್ಷಗಳ ಒಂದೇ ಅವಧಿಯಲ್ಲಿ, ರೂಪಿಸಿ ಮುಗಿಸಿತ್ತು. ಆದರೂ ಅದರ ಬೆಳಕಿನ ಅರ್ಧಪಾಲು ಹೊಮ್ಮುವುದು ಸುಮಾರು 700 ಜ್ಯೋತಿರ್ವರ್ಷ ತ್ರಿಜ್ಯದ ಒಳಭಾಗದಿಂದಲೇ. ಕ್ಷೀರಪಥಕ್ಕೆ ಹೋಲಿಸಿದರೆ ಇದು ತೀರ ಪುಟ್ಟದು. ಅದನ್ನು ‘ಬೃಹತ್’ ಎಂದು ಕರೆದರೆ, ಅಷ್ಟೊಂದು ನಕ್ಷತ್ರಗಳು ಅಷ್ಟು ಇಕ್ಕಟ್ಟಿನಲ್ಲಿ ಕೂಡಿಕೊಂಡಿದ್ದವು ಎಂಬ ಅಚ್ಚರಿಯ ಸಂಗತಿಯೇ ಓದುಗರಿಗೆ ದಕ್ಕುವುದಿಲ್ಲ. ಇಂಥ ಗೆಲಾಕ್ಸಿಗಳು ಮುಂದೆ ಸುತ್ತಲಿನ ಸಣ್ಣ ಗೆಲಾಕ್ಸಿಗಳನ್ನು ಒಳಗೊಳ್ಳುತ್ತ ಹಲವು ಪಟ್ಟು ಹಿಗ್ಗುತ್ತವೆ, ಆದರೆ ದ್ರವ್ಯರಾಶಿ ಅದೇ ಪ್ರಮಾಣದಲ್ಲಿ ಏರುವುದಿಲ್ಲ ಎಂಬುದು ಈಗಿನ ತಿಳಿವಳಿಕೆ. ಎರಡಕ್ಕೂ ಒಂದೇ ಪದವಿದ್ದರೆ ಈ ಕಥೆಯನ್ನು ಹೇಳುವುದಾದರೂ ಹೇಗೆ?

‘ಭಾರೀ’ ಎಂಬುದು ಆಡುಮಾತಿನಲ್ಲಿ ದೊಡ್ಡದು ಎಂದೇ ಆಗಿದೆ. ‘ಘನ’ ಎಂದರೆ ಗಟ್ಟಿ ಪದಾರ್ಥ ಎಂಬ ಪಾಠಪುಸ್ತಕದ ಅರ್ಥ ಮೊದಲು ನೆನಪಾಗುತ್ತದೆ. ‘ಅಧಿಕ ದ್ರವ್ಯರಾಶಿಯ ಗೆಲಾಕ್ಸಿ’ ಉದ್ದವಾದರೂ ನಿಖರವೆಂದು ನನಗೆ ತೋರುತ್ತದೆ. ಪದೇ ಪದೇ ಬರುವಲ್ಲಿ ‘ಬಹುದ್ರವ್ಯ ಗೆಲಾಕ್ಸಿ’ ಎಂದು ಕಿರಿದಾಗಿಸಬಹುದೇ?

ಇದರ ಜೊತೆಗೇ ಬರುವ ಇನ್ನೊಂದು ಪದ ‘ಕ್ವೆಂಚ್ಡ್’. ನಕ್ಷತ್ರಗಳ ಹುಟ್ಟು ನಿಂತ ಗೆಲಾಕ್ಸಿಯನ್ನು ‘ಸತ್ತ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅದರಲ್ಲಿನ ಹಳೆಯ ನಕ್ಷತ್ರಗಳು ಬೆಳಗುತ್ತಲೇ ಇರುತ್ತವೆ. ‘ನಂದಿದ’ ಎಂದರೂ ಬೆಳಕೇ ಆರಿತೆಂದು ತೋರುತ್ತದೆ. ಜಿಎಸ್-9209ರ ನಡುವೆ ನಿರೀಕ್ಷೆಗಿಂತ ದೊಡ್ಡ ದ್ರವ್ಯರಾಶಿಯ ಕಪ್ಪುಕುಳಿಯಿದ್ದು, ಅದರ ಪ್ರಬಲ ವಿಕಿರಣವು ಅನಿಲವನ್ನು ಕಾಯಿಸಿ, ಹೊರದೂಡಿ ನಕ್ಷತ್ರಗಳ ಹುಟ್ಟನ್ನು ತಡೆದಿರಬಹುದೆಂದು ಸಂಶೋಧಕರು ಭಾವಿಸುತ್ತಾರೆ. ಆದ್ದರಿಂದ ಹುಟ್ಟು ತಡೆಯಲ್ಪಟ್ಟಿತು ಎಂಬ ಭಾವ ಪದದಲ್ಲಿ ಉಳಿಯಬೇಕು. ‘ಜನನಸ್ತಬ್ಧ’ ಎಂಬುದಕ್ಕಿಂತ ಸಹಜವಾದ ಪದವನ್ನು ಬಲ್ಲವರು ದಯವಿಟ್ಟು ಸೂಚಿಸಬೇಕು.