ಮರು: ತೆಳುಪೊರೆಯಲ್ಲಿ ಬಿಸಿ ಹರಿಯುವ ಎರಡು ದಿಕ್ಕಿಗೆ ಪದ ಬೇಕು (ತುರ್ತು)

> ಪದರ ಪದರವಾಗಿರುವ ಹರಳಿನ ತೆಳುಪೊರೆಯಲ್ಲಿ ಬಿಸಿ ಎರಡು ದಿಕ್ಕಿಗೆ ಬೇರೆ ಬೇರೆ ಥರ ಹರಿಯುತ್ತದೆ. ಒಂದಕ್ಕೆ 'ಸಮತಲೀಯ ವಾಹಕತೆ', ಇನ್ನೊಂದಕ್ಕೆ 'ಅಡ್ಡ ವಾಹಕತೆ' ಅಂತ ಹಾಕಿದ್ದೇನೆ. ಅನುವಾದ ಇವತ್ತೇ ಕಳಿಸಬೇಕು. ನಡೆಯುತ್ತಾ?

'ಅಡ್ಡ' ಬೇಡವೇ ಬೇಡ. ಅಡ್ಡಗೆರೆ ಅಂದ್ರೆ ಎಡದಿಂದ ಬಲಕ್ಕೆ ಎಳೆದ ಗೆರೆ. ಪದಬಂಧದಲ್ಲೂ ಹಾಗೇ ಅಲ್ವಾ? ಚಿತ್ರದಲ್ಲಿ ಪೊರೆ ಮಲಗಿರುತ್ತದೆ. ಓದುಗರು 'ಅಡ್ಡ'ವನ್ನು ಪದರದ ಜೊತೆಗೇ ಸಾಗುವ ಬಿಸಿ ಅಂದುಕೊಳ್ಳುತ್ತಾರೆ. ನೀವು ಹೇಳಬೇಕಾದ್ದು ತದ್ವಿರುದ್ಧ, ಪದರಗಳನ್ನು ದಾಟಿ ಹೋಗುವ ಬಿಸಿ.

ಇದು ಸಣ್ಣ ಎಡವಟ್ಟಲ್ಲ. ಗ್ರಾಫೈಟ್ ತಗೊಳ್ಳಿ. ಪದರದೊಳಗೆ ಇಂಗಾಲದ ಪರಮಾಣುಗಳ ನಂಟು ಬಲು ಗಟ್ಟಿ. ಪದರ ಪದರದ ನಡುವೆ ಇರುವುದು ವಾನ್ ಡರ್ ವಾಲ್ಸ್ ಸೆಳೆತ ಮಾತ್ರ, ಅದು ಸಡಿಲ. ಹಾಗಾಗಿ ಒಳ್ಳೆಯ ಹರಳಿನಲ್ಲಿ ಪದರದ ಜೊತೆ ಸಾಗುವಾಗ ವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 2000 ವ್ಯಾಟ್. ಪದರ ದಾಟುವಾಗ 10ಕ್ಕಿಂತ ಕಡಿಮೆ. ದಿಕ್ಕು ತಪ್ಪಿದರೆ ಇಡೀ ಲೇಖನವೇ ತಪ್ಪು.

'ಸಮತಲೀಯ'ವೂ ಬೇಡ. 'ಪದರಗುಂಟ' ಅನ್ನಿ. ಹಾದಿಗುಂಟ, ಗೋಡೆಗುಂಟ ಅಂತೀವಲ್ಲ, ಅದೇ ಗುಂಟ. ಇನ್ನೊಂದಕ್ಕೆ ಸುಮ್ನೆ 'ಪದರ ದಾಟುವ ವಾಹಕತೆ'. ಯಾರಿಗೂ ವಿವರಿಸಬೇಕಾಗಿಲ್ಲ.

ನನಗಿಂತ ಮುಂಚೆ ಬರೆದವರು ಫಿಲ್ಮಿಗೂ ಲೇಯರಿಗೂ 'ಸ್ತರ' ಸಾಕು ಅಂದಿದ್ದಾರೆ. ಒಪ್ಪಲ್ಲ. ಫಿಲ್ಮು ಪೊರೆ, ಲೇಯರು ಪದರ. ಟಂಗ್‌ಸ್ಟನ್ ಡೈಸೆಲೆನೈಡ್ ಕೂಡ ಗ್ರಾಫೈಟಿನ ಹಾಗೆ ಪದರ ಪದರದ ವಸ್ತು. ಅದರ ಮೇಲೆ 2007ರಲ್ಲಿ ನಡೆದ ಪ್ರಯೋಗವನ್ನು 'ಸ್ತರ' ಒಂದರಲ್ಲೇ ಬರೆದು ನೋಡಿ. ಆ ಪೊರೆಯಲ್ಲಿ ಪದರಗಳು ಒಂದರ ಮೇಲೊಂದು ನೀಟಾಗಿ ಕೂತಿದ್ದರೂ ಒಂದೊಂದೂ ಒಂದೊಂದು ಕಡೆ ತಿರುಗಿದ್ದವು. ಪದರ ದಾಟುವ ವಾಹಕತೆ ಅದೇ ಅಳತೆಯಲ್ಲಿ 0.05ಕ್ಕೆ ಇಳಿಯಿತು. ಗಟ್ಟಿ ವಸ್ತುವಿಗೆ ಇದು ತೀರಾ ಕಡಿಮೆ. ಪೊರೆ ಬೇರೆ, ಪದರ ಬೇರೆ ಅನ್ನದೆ ಈ ಮಾತು ಹೇಳೋಕಾಗಲ್ಲ.

ಫೋನಾನ್‌ಗೆ, ಅಂದ್ರೆ ಹರಳಿನ ನಡುಕದ ಕಣದಂಥ ತುಣುಕಿಗೆ, 'ಧ್ವನಿಕಣ' ಅನ್ನೋ ಸಲಹೆಯೂ ಬಂದಿದೆ. ಅದನ್ನು ಕೈಬಿಡಿ. ಇಲ್ಲಿ ಬಿಸಿ ಹೊರುವುದು ಕಿವಿಗೆ ಕೇಳುವ ಸದ್ದಲ್ಲ, ಹರಳಿನ ಪರಮಾಣುಗಳ ನಡುಕ. ಪೊರೆ ತೆಳುವಾದಷ್ಟೂ ಫೋನಾನ್‌ಗಳು ಅದರ ಮೇಲ್ಮೈಗೆ ಬಡಿದು ಚದುರುವುದು ಜಾಸ್ತಿ. 'ಧ್ವನಿಕಣಗಳು ಚದುರುತ್ತವೆ' ಅಂತ ಬರೆದರೆ ಯಾರಿಗೆ ಏನು ತಿಳಿಯುತ್ತದೆ? ಎಲೆಕ್ಟ್ರಾನ್ ಒಪ್ಪಿಕೊಂಡ ಕನ್ನಡ ಫೋನಾನನ್ನೂ ಒಪ್ಪುತ್ತದೆ. ಹೊಸ ವಸ್ತುವಿನ ಹೆಸರು ಹೊರಗಿಂದ ಬರಲಿ, ನನ್ನ ತಕರಾರಿಲ್ಲ. ಆದರೆ ದಿಕ್ಕು ಹೇಳೋಕೆ ಸಂಸ್ಕೃತದಿಂದಲೂ ಸಾಲ ಬೇಡ, ಇಂಗ್ಲಿಷಿನಿಂದಲೂ ಬೇಡ.

ಆ ಎರಡು ಪದ ಬದಲಿಸಿ ಕಳಿಸಿಬಿಡಿ. ಚಿತ್ರದ ಕೆಳಗಿನ ಬರಹದಲ್ಲೂ 'ಅಡ್ಡ' ಉಳಿದಿರಬಹುದು, ನೋಡಿ.