ವಾಹನ ವಶಪಡಿಸಿಕೊಳ್ಳುವ ಮೊದಲು ಆರ್‌.ಸಿ.ಯಲ್ಲಿ ನಮ್ಮ ಹೆಸರಿದೆಯೇ?

ಚಿಂತಾಮಣಿಯಿಂದ ಕೋರಿಕೆ: ನಮ್ಮದು ಸಣ್ಣ ಪತ್ತಿನ ಸಹಕಾರ ಸಂಘ. ಹಳೆಯ ಗೂಡ್ಸ್ ವಾಹನವೊಂದರ ಮೇಲೆ ಕೊಟ್ಟ ಸಾಲದಲ್ಲಿ ಐದು ಕಂತುಗಳು ಬಾಕಿ ಬಿದ್ದಿವೆ. ಕರಾರುಪತ್ರ ನಮ್ಮ ಬಳಿ ಇದೆ. ವಾಹನವನ್ನು ವಶಕ್ಕೆ ಪಡೆಯುವ ಮೊದಲು ಏನನ್ನು ಖಚಿತಪಡಿಸಿಕೊಳ್ಳಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ತುಮಕೂರಿನಿಂದ: ಮಾನ್ಯರೇ, ಕರಾರುಪತ್ರಕ್ಕಿಂತ ಮೊದಲು ವಾಹನದ ನೋಂದಣಿ ಪತ್ರವಾದ ಆರ್‌.ಸಿ. ನೋಡಿ. ಮೋಟಾರು ವಾಹನಗಳ ಅಧಿನಿಯಮ, 1988ರ 51ನೇ ಕಲಮಿನಂತೆ ಹೈಪೋಥಿಕೇಷನ್ (ವಾಹನವನ್ನು ಸಾಲಕ್ಕೆ ಆಧಾರವಾಗಿಟ್ಟ ಕರಾರು) ಆರ್‌.ಸಿ.ಯಲ್ಲಿ ನಮೂದಾಗಿದ್ದರೆ, ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯಿಲ್ಲದೆ ಆರ್‌ಟಿಒ ಕಚೇರಿಯಲ್ಲಿ ಮಾಲೀಕತ್ವ ಬದಲಾಗುವುದಿಲ್ಲ. ಹೊಸ ವಾಹನಕ್ಕೆ ಈ ವಿವರ ನೋಂದಣಿಯ 20ನೇ ನಮೂನೆಯಲ್ಲಿಯೇ ಹೋಗುತ್ತದೆ. ಈಗಾಗಲೇ ನೋಂದಣಿಯಾದ ವಾಹನಕ್ಕೆ ಮಾಲೀಕರೂ ಸಾಲದಾತರೂ ಸಹಿ ಮಾಡಿದ 34ನೇ ನಮೂನೆಯನ್ನು ಪ್ರತ್ಯೇಕವಾಗಿ ಸಲ್ಲಿಸಬೇಕು, ತಪ್ಪಾಗುವುದು ಇಲ್ಲಿಯೇ. ನಾನು ವಸೂಲಾತಿ ವಿಭಾಗದಲ್ಲಿದ್ದಾಗ ಒಂದು ಸಾಲದ ಕಡತದಲ್ಲಿ ಸಹಿಯಾದ 34ನೇ ನಮೂನೆ ಎರಡು ವರ್ಷ ಹಾಗೆಯೇ ಉಳಿದಿತ್ತು, ಅಷ್ಟರಲ್ಲಿ ಸಾಲಗಾರರು ವಾಹನವನ್ನು ಶಿರಾದವರೊಬ್ಬರಿಗೆ ಮಾರಿದ್ದರು. ಕೊಂಡವರ ಆರ್‌.ಸಿ.ಯಲ್ಲಿ ನಮ್ಮ ಹೆಸರೇ ಇರಲಿಲ್ಲ; ಅವರನ್ನು ದೂಷಿಸಲು ನನಗೆ ಇಂದಿಗೂ ಮನಸ್ಸು ಬರುವುದಿಲ್ಲ. ಆರ್‌.ಸಿ.ಯ ಜೆರಾಕ್ಸ್ ಪ್ರತಿಯನ್ನು ನಂಬದೆ ಸರ್ಕಾರದ ವಾಹನ ನೋಂದಣಿ ಜಾಲತಾಣವಾದ ವಾಹನ್ ಪೋರ್ಟಲ್‌ನಲ್ಲಿಯೇ ವಿವರ ಪರಿಶೀಲಿಸಿ, ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಕರಾರಿನೊಂದಿಗೆ ತಾಳೆಯಾಗುತ್ತವೆಯೇ ನೋಡಿ. ವಿಮಾ ಪಾಲಿಸಿಯಲ್ಲಿಯೂ ಸಂಘದ ಹೆಸರು ಸೇರಿರಲಿ.

ಕೋಲಾರದಿಂದ: ಮೇಲಿನವರ ಮಾತು ಸರಿ. ಆದರೆ ನಮೂದು ಇದೆ ಎಂಬ ಮಾತ್ರಕ್ಕೆ ಬಲಪ್ರಯೋಗಕ್ಕೆ ಅಧಿಕಾರ ಸಿಗುವುದಿಲ್ಲ. ಗೂಂಡಾಗಳನ್ನು ಬಳಸಿ ವಾಹನ ಕಸಿಯುವುದನ್ನು ಸರ್ವೋಚ್ಚ ನ್ಯಾಯಾಲಯ 2007ರಲ್ಲಿಯೇ ಕಟುವಾಗಿ ಖಂಡಿಸಿದೆ. ನನ್ನ ತಮ್ಮನ ವಾಹನವನ್ನು ಟೊಮೆಟೊ ಲೋಡಿನ ಸಮೇತ ಮಾರುಕಟ್ಟೆ ದಾರಿಯಲ್ಲಿ ತಡೆದು ಒಯ್ದಿದ್ದರು. ಕೊಳೆತದ್ದು ಸಾಲಕ್ಕೆ ಸಂಬಂಧವೇ ಇಲ್ಲದ ರೈತರ ಮಾಲು. ಆದ್ದರಿಂದ ಮೊದಲು ಲಿಖಿತ ನೋಟಿಸ್ ಕೊಟ್ಟು ಬಾಕಿ ಕಟ್ಟಲು ಸಮಯ ಕೊಡಿ. ಸ್ವಇಚ್ಛೆಯಿಂದ ಒಪ್ಪಿಸಿದರೆ ವಾಹನದೊಳಗಿನ ಸಾಮಾನಿನ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ. ಒಪ್ಪಿಸದಿದ್ದರೆ, ನಿಮ್ಮದು ಸಹಕಾರ ಸಂಘವಾದ್ದರಿಂದ, 1959ರ ಸಹಕಾರ ಸಂಘಗಳ ಅಧಿನಿಯಮದ 70ನೇ ಕಲಮಿನಡಿ ದಾವೆ ಹೂಡುವುದೇ ಸುರಕ್ಷಿತ ಮಾರ್ಗ.

ಚಿಂತಾಮಣಿಯಿಂದ ಮತ್ತೆ: ಇಬ್ಬರಿಗೂ ಧನ್ಯವಾದಗಳು. ಪೋರ್ಟಲ್‌ನಲ್ಲಿ ನೋಡಿದೆ, ನಮ್ಮ ಸಂಘದ ಹೆಸರಿಲ್ಲ. ಪುಣ್ಯಕ್ಕೆ ವಾಹನ ಇನ್ನೂ ಸಾಲಗಾರರ ಹೆಸರಿನಲ್ಲಿಯೇ ಇದೆ. ಕಂತುಗಳ ಅವಧಿ ವಿಸ್ತರಿಸಿಕೊಟ್ಟರೆ 34ನೇ ನಮೂನೆಗೆ ಸಹಿ ಹಾಕಲು ಅವರು ಒಪ್ಪಿದ್ದಾರೆ. ಸೋಮವಾರ ನಾನೇ ಜೊತೆಯಲ್ಲಿ ಆರ್‌ಟಿಒ ಕಚೇರಿಗೆ ಹೋಗುತ್ತಿದ್ದೇನೆ.